ಕ್ಲೌಡ್ ಸಂಗ್ರಹದ ಡೆಸ್ಕ್‌ಟಾಪ್ ಆ್ಯಪ್‌ನಲ್ಲಿ ಏನೇನು ಸುಧಾರಿಸಬೇಕು?

ಬಸವನಗುಡಿ ಮುದ್ರಕ: ನಮ್ಮ ಮುದ್ರಣಾಲಯವು ಪುಟವಿನ್ಯಾಸದ ದೊಡ್ಡ ಕಡತಗಳನ್ನು ಕ್ಲೌಡ್‌ನಲ್ಲಿ ಇಡುತ್ತದೆ. ಒಂದು ಅಕ್ಷರ ತಿದ್ದಿದರೂ ಆ್ಯಪ್ ಇಡೀ ಕಡತವನ್ನೇ ಮತ್ತೆ ಅಪ್‌ಲೋಡ್ ಮಾಡುತ್ತದೆ. ತಯಾರಕರಿಗೆ ಯಾವ ಸಲಹೆಗಳನ್ನು ಕಳುಹಿಸಬಹುದು?

ಜಯನಗರ ವಾಸಿ: ಕಡತವನ್ನು ತುಂಡುಗಳಾಗಿ ವಿಂಗಡಿಸಿ, ಬದಲಾದ ತುಂಡನ್ನಷ್ಟೇ ಕಳುಹಿಸುವ ಡೆಲ್ಟಾ ಸಿಂಕ್ ವಿಧಾನವು 1996ರಲ್ಲಿ ಬಂದ ಕಡತ ನಕಲಿಸುವ ತಂತ್ರಾಂಶವಾದ ಆರ್‌ಸಿಂಕ್‌ನಲ್ಲಿಯೇ ಇತ್ತು, ಅದನ್ನೇ ಮೊದಲು ಕೇಳಿರಿ. ಆದರೆ ಜಿಪ್ ಮಾಡಿದ ಕಡತಗಳಲ್ಲಿ ಸಣ್ಣ ತಿದ್ದುಪಡಿಯೂ ಮುಂದಿನ ಬೈಟ್‌ಗಳನ್ನೆಲ್ಲ ಬದಲಿಸಬಹುದಾದ್ದರಿಂದ ಅಲ್ಲಿ ಹೆಚ್ಚಿನ ಲಾಭವನ್ನು ನಿರೀಕ್ಷಿಸಬೇಡಿ.

ಮಲ್ಲೇಶ್ವರದ ಓದುಗ: ನನ್ನ ಸಲಹೆ ಕನ್ನಡದ ಕಡತನಾಮಗಳ ಕುರಿತದ್ದು. ಲಿನಕ್ಸ್‌ನ ಎಕ್ಸ್ಟ್4 (ext4) ಕಡತ ವ್ಯವಸ್ಥೆಯಲ್ಲಿ ಹೆಸರಿಗೆ 255 ಬೈಟ್‌ಗಳ ಮಿತಿಯಿದೆ. ಅಕ್ಷರಗಳನ್ನು ಬೈಟ್‌ಗಳಲ್ಲಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಬೇಡುವುದರಿಂದ ಮೂರು ಸಂಕೇತಗಳಿಂದಾದ ‘ಕ್ಷ’ ಒಂದಕ್ಕೇ 9 ಬೈಟ್ ಹೋಗುತ್ತದೆ. ವಿಂಡೋಸ್‌ನಲ್ಲಿ ಸಲೀಸಾಗಿ ಉಳಿಯುವ ಉದ್ದನೆಯ ಶೀರ್ಷಿಕೆ ಲಿನಕ್ಸ್‌ಗೆ ಇಳಿಯದಿದ್ದಾಗ, ಆ್ಯಪ್ ಬರಿಯ ಕೆಂಪು ಗುರುತು ತೋರಿಸಿ ಸುಮ್ಮನಾಗದೆ, ಕಾರಣವನ್ನೂ ಹೇಳಬೇಕು.

ಬಸವನಗುಡಿ ಮುದ್ರಕ: ಧನ್ಯವಾದಗಳು. ನಮ್ಮ ಪುಸ್ತಕಗಳ ಹೆಸರುಗಳಂತೂ ಉದ್ದವೇ! ಎರಡನ್ನೂ ಬೇರೆ ಬೇರೆ ಕೋರಿಕೆಗಳಾಗಿ ಬರೆದು ಕಳುಹಿಸುತ್ತೇನೆ.