ನಮ್ಮ ಹೊಳೆಯ ಮಣ್ಣು ಕಡಲಲ್ಲಿ ವಿಮಾನದ ಕ್ಯಾಮೆರಾಗೆ ಕಾಣುತ್ತದಾ?

ಸಂಪಾಜೆ ತೋಟ:
ನಮ್ಮದು ಸಂಪಾಜೆ ಘಾಟಿ ಪಕ್ಕ. ಸ್ವಲ್ಪ ರೊಬಸ್ಟಾ, ಉಳಿದದ್ದು ಅಡಿಕೆ. ತೋಟದ ಕೆಳಗಿನ ತೋಡು ಪಯಸ್ವಿನಿಗೆ ಸೇರುತ್ತದೆ. ಆ ಹೊಳೆ ಸುಳ್ಯ ದಾಟಿ, ಚಂದ್ರಗಿರಿ ಅಂತ ಹೆಸರು ಬದಲಿಸಿಕೊಂಡು, ಕಾಸರಗೋಡಿನ ಹತ್ತಿರ ಕಡಲಿಗೆ ಬೀಳುತ್ತದೆ. ಕೊಡಗಿನ ನೀರೆಲ್ಲ ಕಾವೇರಿಗೇ ಹೋಗುತ್ತದೆ ಅಂದುಕೊಂಡವರು ಜಾಸ್ತಿ, ಅದಕ್ಕೆ ಹೇಳಿದೆ.

2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಜಾರಿದಾಗ ಹೊಳೆಯಲ್ಲಿ ಹರಿದದ್ದು ಕೆಂಪು ಗಂಜಿ. ಅಷ್ಟೂ ಮಣ್ಣು ಎಲ್ಲಿ ಹೋಯಿತು ಅಂತ ಈಗಲೂ ಯೋಚನೆ ಬರುತ್ತದೆ. ಅಕ್ಕನ ಮಗ ಮಂಗಳೂರಿನಲ್ಲಿ ಓದುತ್ತಿದ್ದಾನೆ. ವಿಮಾನದಲ್ಲಿ ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು ಕರಾವಳಿಯ ನೀರಿನ ಚಿತ್ರ ತೆಗೆಯುತ್ತಾರಂತೆ, ಅದು ನೀರನ್ನು ತೂರಿಕೊಂಡು ತಳವನ್ನೇ ನೋಡುತ್ತದಂತೆ. ನಿಜವಾ?

ಇನ್ನೊಂದು. ಜಗಲಿಯಲ್ಲಿ ಎರಡು ಬಾಟಲಿ ಇಟ್ಟಿದ್ದೇನೆ. ಒಂದರಲ್ಲಿ ಮೊನ್ನೆಯ ಮಳೆಗೆ ಕೆಂಪಾದ ತೋಡಿನ ನೀರು, ಇನ್ನೊಂದರಲ್ಲಿ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವಾಗ ಬರುವ ನೀರು. (ಪಲ್ಪರ್ ನೀರನ್ನು ಈಗ ಹೊಂಡಕ್ಕೆ ಬಿಡುತ್ತೇವೆ, ತೋಡಿಗಲ್ಲ. ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ.) ಎರಡೂ ಕಂದು. ಇವೆರಡರ ವ್ಯತ್ಯಾಸ ಮೇಲಿಂದ ಗೊತ್ತಾಗುತ್ತದಾ?

ಕುಶಾಲನಗರ ಮಂಜು:
ಡ್ರೋನ್ ಬಾಡಿಗೆಗೆ ಸಿಗುತ್ತದೆ ಅಣ್ಣಾ, ಥರ್ಮಲ್ ಕ್ಯಾಮೆರಾ ಇರುವುದೂ ಇದೆ. ಒಂದು ಸಲ ಹಾರಿಸಿ ನೋಡಿಬಿಡಿ.

ವಿರಾಜಪೇಟೆ ಹಳಬ:
ದುಡ್ಡು ಕಳೆಯಬೇಡಿ. ಥರ್ಮಲ್ ಕ್ಯಾಮೆರಾ ನೀರಿನ ಮೇಲ್ಚರ್ಮದ ಬಿಸಿ ಮಾತ್ರ ಹೇಳುತ್ತದೆ, ಕೂದಲೆಳೆಯಷ್ಟು ಪದರದ್ದು. ಮಣ್ಣಿನ ಲೆಕ್ಕಕ್ಕೆ ಅದು ಆಗುವುದಿಲ್ಲ.

ನಾನು ಊರಿಗೆ ಬರುವ ಮುಂಚೆ ಕೆಲವು ವರ್ಷ ಕಡಲಿನ ಸರ್ವೆ ದೋಣಿಯಲ್ಲಿದ್ದೆ. ನಿಮ್ಮ ಅಳಿಯ ಹೇಳಿದ್ದು ಪೂರ್ತಿ ತಲೆಕೆಳಗು. ನೀರನ್ನು ತೂರುವುದು ಕಣ್ಣಿಗೆ ಕಾಣುವ ಬೆಳಕು, ಅದರಲ್ಲೂ ನೀಲಿ, ಹಸಿರು. ಇನ್‌ಫ್ರಾರೆಡ್ಡನ್ನು ನೀರು ನುಂಗಿಬಿಡುತ್ತದೆ. ಬೆಳಕಿನ ಅಲೆಯುದ್ದ 1000 ನ್ಯಾನೋಮೀಟರ್ ಹತ್ತಿರ ಇದ್ದರೆ ಕೆಲವೇ ಸೆಂಟಿಮೀಟರಿನಲ್ಲಿ ಮುಗಿಯಿತು. 1500 ದಾಟಿದರೆ ಕೆಲವೇ ಮಿಲಿಮೀಟರಿನಲ್ಲಿ ಮುಗಿಯಿತು.

ಹಾಗಾದರೆ ಇನ್‌ಫ್ರಾರೆಡ್ ಯಾಕೆ ಬೇಕು ಅಂದರೆ, ಚೀಲದ ತೂಕ ಕಳೆಯಲು. ಕಾಫಿ ಮಾರುವಾಗ ಖಾಲಿ ಗೋಣಿಯ ತೂಕ ಕಳೆಯುತ್ತಾರಲ್ಲ, ಹಾಗೆ. ಕಡಲ ಮೇಲೆ ಎತ್ತರದಲ್ಲಿ ಹಾರುವ ಕ್ಯಾಮೆರಾಗೆ ಬರುವ ಬೆಳಕಿನಲ್ಲಿ ಹತ್ತಕ್ಕೆ ಎಂಟು ಒಂಬತ್ತು ಪಾಲು ಗಾಳಿಯದ್ದೇ. ನೀರೊಳಗಿಂದ ಎದ್ದು ಬಂದದ್ದು ಒಂದೋ ಎರಡೋ ಪಾಲು. ಒಂದು ಕೆಜಿ ಕಾಫಿಗೆ ಒಂಬತ್ತು ಕೆಜಿ ಗೋಣಿ! ಇನ್‌ಫ್ರಾರೆಡ್ಡಿನಲ್ಲಿ ನೀರು ಕಪ್ಪಾಗಿರಬೇಕು. ಆದರೂ ಅಲ್ಲಿ ಬೆಳಕು ಕಂಡರೆ ಅದು ಗಾಳಿಯ ಧೂಳು, ತೇವ, ಇಲ್ಲವೇ ನೀರಿನ ಮೇಲಿನ ಬಿಸಿಲಿನ ಹೊಳಪು. ಅದನ್ನು ಅಳೆದು ಉಳಿದ ಬಣ್ಣಗಳಿಂದ ಕಳೆಯುತ್ತಾರೆ.

ತೊಂದರೆ ಬರುವುದು ನಿಮ್ಮಂಥ ಹೊಳೆಯ ಬಾಯಲ್ಲಿ. ಕೆಸರು ಜಾಸ್ತಿ ಇದ್ದರೆ 800ರ ಆಸುಪಾಸಿನಲ್ಲೂ ನೀರು ಕಪ್ಪಾಗಿರುವುದಿಲ್ಲ, ಮಣ್ಣಿನ ಕಣ ಬೆಳಕನ್ನು ವಾಪಸ್ ಎಸೆಯುತ್ತದೆ. ಗೋಣಿ ಅಂತ ಕಾಫಿಯನ್ನೇ ಕಳೆದ ಹಾಗಾಗುತ್ತದೆ. ಅದಕ್ಕೆ ಇನ್ನೂ ದೂರದ ಇನ್‌ಫ್ರಾರೆಡ್ಡಿಗೆ, 1600, 2200ರ ಕಡೆಗೆ ಹೋಗುತ್ತಾರೆ. ಅಲ್ಲಿ ಕೆಸರು ನೀರೂ ಹೆಚ್ಚುಕಡಿಮೆ ಕಪ್ಪೇ.

ನಾಸಾದ ಅವಿರಿಸ್-ಎನ್‌ಜಿ ಅನ್ನುವ ಉಪಕರಣ ಈ ಕೆಲಸದ್ದು. 380ರಿಂದ 2510 ನ್ಯಾನೋಮೀಟರ್ ತನಕ, ಐದೈದು ನ್ಯಾನೋಮೀಟರಿಗೆ ಒಂದರಂತೆ, 400ಕ್ಕೂ ಜಾಸ್ತಿ ಬಣ್ಣ ಬಿಡಿಸಿ ನೋಡುತ್ತದೆ. 2015ರ ಕೊನೆಗೆ ಇಸ್ರೋದ ವಿಮಾನದಲ್ಲಿ ಅದನ್ನು ಕೂರಿಸಿ 2016ರ ಮಾರ್ಚ್ ತನಕ ನಮ್ಮ ದೇಶದ ಮೇಲೆ ಹಾರಿಸಿದ್ದರು. ತಿಂಗಳು ಗಮನಿಸಿ. ಮೋಡದ ಮೂಲಕ ಇದಕ್ಕೂ ಕಾಣುವುದಿಲ್ಲ. ಆಗಸ್ಟಿನ ಆ ವಾರದ ಮಣ್ಣು ಇಂಥ ಚಿತ್ರದಲ್ಲಿ ಸಿಗಲಿ ಅಂತ ಕಾಯಬೇಡಿ. ತಳದಲ್ಲಿ ಕೂತ ಮೇಲಂತೂ ಅದರ ಲೆಕ್ಕ ಮೇಲಿಂದ ಸಿಗುವುದಿಲ್ಲ, ಹೂಳು ತೆಗೆದೇ ನೋಡಬೇಕು.

ಬಾಟಲಿ ಪ್ರಶ್ನೆ ಚೆನ್ನಾಗಿದೆ. ರಾತ್ರಿ ಕಳೆದು ಏನಾಯಿತು, ಹೇಳಿ.

ಸಂಪಾಜೆ ತೋಟ:
ತೋಡಿನ ನೀರಿನಲ್ಲಿ ಅಡಿಗೆ ಬೆರಳು ದಪ್ಪ ಮಣ್ಣು ಕೂತಿದೆ, ಮೇಲೆ ತಿಳಿ. ಪಲ್ಪರ್ ನೀರು ಹಾಗೇ ಇದೆ. ಮೊದಲಿಗಿಂತ ಕಪ್ಪಾಗಿದೆ, ವಾಸನೆ ಬೇರೆ. ಮನೆಯವಳು ಜಗಲಿಯಿಂದ ಆಚೆ ಇಡಿಸಿದಳು.

ವಿರಾಜಪೇಟೆ ಹಳಬ:
ವ್ಯತ್ಯಾಸ ಅದೇ. ಮಣ್ಣು ಕಣ, ಬೆಳಕನ್ನು ಚದುರಿಸುತ್ತದೆ. ಮೇಲಿಂದ ನೋಡಿದರೆ ಬೆಳ್ಳಗೆ, ಕೆಂಪಗೆ ಹೊಳೆಯುತ್ತದೆ. ಪಲ್ಪರ್ ನೀರಿನಲ್ಲಿ ಬಣ್ಣದ ಬಹುಪಾಲು ಕರಗಿದ್ದು, ಚಹಾ ಡಿಕಾಕ್ಷನ್ ಹಾಗೆ. ನೀಲಿಯನ್ನು ನುಂಗಿ ಕಪ್ಪಗೆ ಕಾಣುತ್ತದೆ. ಕಾಡಿನ ಕೊಳೆತ ಎಲೆಯ ನೀರೂ ಇದೇ ಜಾತಿ. ಕಡಲಿನ ಪಾಚಿಯೂ ನೀಲಿಯನ್ನೇ ನುಂಗುತ್ತದೆ, ಹಾಗಾಗಿ ಎರಡು ಮೂರು ಬಣ್ಣ ಮಾತ್ರ ನೋಡುವವನು ಎಲೆ ನೀರನ್ನು ಪಾಚಿ ಅಂದುಬಿಡುತ್ತಾನೆ. ಪಾಚಿಗೆ 675 ನ್ಯಾನೋಮೀಟರ್ ಹತ್ತಿರ, ಕೆಂಪಿನಲ್ಲಿ, ಬೆಳಕನ್ನು ನುಂಗುವ ಇನ್ನೊಂದು ಗುಂಡಿ ಇರುತ್ತದೆ. ಅದು ಸಿಗಬೇಕಾದರೆ ಸಣ್ಣ ಸಣ್ಣ ಬಣ್ಣ ಬಿಡಿಸಲೇಬೇಕು. ಆದರೆ ನಿಮ್ಮ ಪಲ್ಪರ್ ನೀರು ಯಾವುದು, ಕಾಡಿನ ಎಲೆ ನೀರು ಯಾವುದು ಅಂತ ಕಾಸರಗೋಡಿನ ಮೇಲೆ ಹಾರಿ ಬೇರ್ಪಡಿಸಬಹುದು ಅಂದರೆ ನಾನು ನಂಬುವುದಿಲ್ಲ.

ವಿಮಾನ ಹಾರಿದರೆ ಸಾಲದು, ಚಿತ್ರದ ಲೆಕ್ಕ ತಾಳೆ ನೋಡಲು ಅದೇ ಹೊತ್ತಿಗೆ ಕೆಳಗೆ ದೋಣಿಯಲ್ಲಿ ಯಾರಾದರೂ ಇರಬೇಕು. ನೀರು ಎಷ್ಟು ತಿಳಿ ಅಂತ ನೋಡಲು ನಮಗೆ ಬಿಳಿ ತಟ್ಟೆಗೆ ಹಗ್ಗ ಕಟ್ಟಿ ಇಳಿಸುವ ಕೆಲಸ. ಅಳಿವೆಯಲ್ಲಿ ಒಂದು ಮೊಳ ಇಳಿಯುವಷ್ಟರಲ್ಲಿ ತಟ್ಟೆ ಮಾಯ. ಹೊರಗೆ ಹೋದರೆ ಹತ್ತು ಮೀಟರ್ ಹಗ್ಗ ಬಿಟ್ಟರೂ ಹಸಿರಾಗಿ ಕಾಣುತ್ತಲೇ ಇರುತ್ತದೆ.

ಕಾಸರಗೋಡು ಕಡಲು:
ಹೊಳೆಯ ಕೆಸರು ನೀರೂ ಕಡಲಿನ ನೀರೂ ಸೇರುವ ಗೆರೆಯನ್ನು ಕಣ್ಣಾರೆ ನೋಡಬೇಕಾದರೆ ಮಳೆಗಾಲ ಮುಗಿಯುವಾಗ ಬನ್ನಿ. ಈ ಕಡೆ ಹಾಲು ಹಾಕಿದ ಚಹಾ, ಆ ಕಡೆ ಹಸಿರು, ನಡುವೆ ನೊರೆ, ಕಡ್ಡಿ, ಅಡಿಕೆ ಹಾಳೆ ಸಾಲಾಗಿ ನಿಂತಿರುತ್ತದೆ.

ಸಂಪಾಜೆ ತೋಟ:
ಹಾಳೆ ನಮ್ಮದೇ ಇರಬೇಕು! ಸೆಪ್ಟೆಂಬರಿನಲ್ಲಿ ಬರುತ್ತೇನೆ, ಅಳಿಯನನ್ನೂ ಕರೆತರುತ್ತೇನೆ. ಬಿಳಿ ತಟ್ಟೆ ಎಷ್ಟು ಅಗಲ ಇರಬೇಕು ಸಾರ್?

ವಿರಾಜಪೇಟೆ ಹಳಬ:
30 ಸೆಂಟಿಮೀಟರ್. ಅಡಿಗೆ ಭಾರ ಕಟ್ಟಲು ಮರೆಯಬೇಡಿ, ಇಲ್ಲದಿದ್ದರೆ ಓರೆಯಾಗಿ ತೇಲಿಹೋಗುತ್ತದೆ.