ಕಕಾವೊ ಪಾನವಿಧಿ: ಎದೆ ಹಗುರಾದದ್ದು ಬಟ್ಟಲಿನಿಂದಲೋ, ಕೂಟದಿಂದಲೋ?

ಬೆಳಗಿನ ನಡಿಗೆ ಕೇಳಿದ್ದಾರೆ:

ಮಾನ್ಯರೆ,

ಕಳೆದ ತಿಂಗಳು ಒಂದು ಸಂಜೆ ಗೆಳತಿಯೊಬ್ಬಳ ಒತ್ತಾಯಕ್ಕೆ ಮಣಿದು ಕಕಾವೊ (ಚಾಕೊಲೇಟ್ ಮಾಡುವ ಬೀಜ) ಪಾನದ ಕೂಟವೊಂದಕ್ಕೆ ಹೋಗಿದ್ದೆ. ಹನ್ನೆರಡು ಮಂದಿ ವೃತ್ತಾಕಾರವಾಗಿ ಕುಳಿತಿದ್ದೆವು. ಸಕ್ಕರೆ, ಹಾಲು ಯಾವುದೂ ಇಲ್ಲದ, ಕೆಸರಿನಷ್ಟು ಮಂದವಾದ ಕಹಿ ಪಾನೀಯವನ್ನು ನಡೆಸಿಕೊಡುವವರು ಒಬ್ಬೊಬ್ಬರಿಗೂ ಎರಡೂ ಕೈಗಳಿಂದ ಕೊಟ್ಟು, ಮನಸ್ಸಿನಲ್ಲಿ ಒಂದು ಸಂಕಲ್ಪ ಮಾಡಿಕೊಂಡು ನಿಧಾನವಾಗಿ ಕುಡಿಯಬೇಕೆಂದರು. ಆಮೇಲೆ ಅರ್ಧ ಗಂಟೆ ಮೌನ, ಸ್ವಲ್ಪ ಹಾಡು, ಬಳಿಕ ಮಾತು. ಇಂಥವುಗಳಲ್ಲಿ ನನಗೆ ನಂಬಿಕೆ ಕಡಿಮೆ. ಆದರೂ ಎದೆಯ ಸುತ್ತ ಒಂದು ಬಿಸುಪು ಹರಡಿದ್ದು, ವರ್ಷಗಳಿಂದ ಯಾರಿಗೂ ಹೇಳದ ಮಾತೊಂದನ್ನು ಅಪರಿಚಿತರ ಮುಂದೆ ಹೇಳಿಬಿಟ್ಟದ್ದು, ಆ ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಬಾರದೆ ಎದೆ ಡವಗುಟ್ಟಿದ್ದು, ಮೂರೂ ನಿಜ.

ಅಲ್ಲಿ ಹೇಳಿದಂತೆ ಇದು ಸಾವಿರಾರು ವರ್ಷಗಳಿಂದ ಹಾಗೆಯೇ ನಡೆದುಬಂದ, ಮಧ್ಯ ಅಮೆರಿಕದ ಮೂಲನಿವಾಸಿಗಳಾದ ಮಾಯಾ ಜನರ ವಿಧಿಯೇ? ನನಗಾದ ಅನುಭವಕ್ಕೆ ಕಾರಣ ಪಾನೀಯವೋ, ಕೂಟವೋ? ಇನ್ನೊಂದು ವಿಷಯ ಇವೆರಡಕ್ಕಿಂತ ತುರ್ತಿನದು: ಮುಂದಿನ ಬಾರಿ ನನ್ನ ತಂಗಿಯೂ ಬರುತ್ತೇನೆನ್ನುತ್ತಿದ್ದಾಳೆ, ಆದರೆ ಅವಳು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾಳೆ. ತಿಳಿದವರು ದಯವಿಟ್ಟು ಬರೆಯಬೇಕು.

ಹಳೆಯ ಹೊತ್ತಗೆ ಉತ್ತರಿಸಿದ್ದಾರೆ:

ತಮ್ಮ ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ; ಉಳಿದವು ನನ್ನ ವಿಷಯವಲ್ಲ.

ಪಾನೀಯ ಹಳೆಯದು, ಅದರಲ್ಲಿ ಅನುಮಾನವಿಲ್ಲ. ಈಕ್ವೆಡಾರಿನ ಸಾಂತಾ ಅನಾ-ಲಾ ಫ್ಲೊರಿಡಾ ನೆಲೆಯಲ್ಲಿ ಸಿಕ್ಕ ಪಾತ್ರೆಗಳಲ್ಲಿ ಸುಮಾರು 5300 ವರ್ಷಗಳ ಹಿಂದಿನ ಕಕಾವೊ ಕುರುಹುಗಳಿರುವುದು 2018ರಲ್ಲಿ ಪ್ರಕಟವಾಯಿತು. ಗ್ವಾಟೆಮಾಲಾದ ರಿಯೊ ಅಸುಲ್‌ನ ಗೋರಿಯೊಂದರಲ್ಲಿ ದೊರೆತ, ತಿರುಗಿಸಿ ಮುಚ್ಚುವ ಮುಚ್ಚಳವುಳ್ಳ ಐದನೆಯ ಶತಮಾನದ ಮಡಕೆಯ ಮೇಲೆ ಮಾಯಾ ಲಿಪಿಯಲ್ಲಿ ‘ಕಕಾವ್’ ಎಂದೇ ಬರೆದಿದೆ. ಒಳಗೆ ಅಂಟಿದ್ದ ಶೇಷವನ್ನು ಪರೀಕ್ಷಿಸಿದಾಗ ಕಕಾವೊದ ಉತ್ತೇಜಕಗಳಾದ ಥಿಯೋಬ್ರೊಮಿನ್ ಮತ್ತು ಕೆಫೀನ್ ಎರಡೂ ಸಿಕ್ಕವು.

ಹಳೆಯ ವಿಧಿಗಳ ಸ್ವರೂಪವನ್ನು ನೋಡಿದರೆ ಮಾತ್ರ ಇಂದಿನ ಕೂಟದ ನೆನಪೇ ಆಗುವುದಿಲ್ಲ. ಮೆಕ್ಸಿಕೊದ ಯುಕಟಾನಿನ ಮಾಯಾ ಜನರ ಬಗ್ಗೆ 16ನೆಯ ಶತಮಾನದಲ್ಲಿ ಬರೆದ ಸ್ಪ್ಯಾನಿಷ್ ಪಾದ್ರಿ ಡಿಯೇಗೊ ದೆ ಲಾಂಡಾ, ಮುವಾನ್ ತಿಂಗಳಲ್ಲಿ ಕಕಾವೊ ತೋಟಗಳ ಒಡೆಯರು ಏಕ್ ಚುವಾಹ್, ಚಾಕ್, ಹೋಬ್ನಿಲ್ ಎಂಬ ದೇವತೆಗಳಿಗೆ ಹಬ್ಬ ಮಾಡಿ, ಮೈಮೇಲೆ ಕಕಾವೊ ಬಣ್ಣದ ಮಚ್ಚೆಗಳಿರುವ ನಾಯಿಯೊಂದನ್ನು ಬಲಿಕೊಡುತ್ತಿದ್ದರೆಂದು ದಾಖಲಿಸಿದ್ದಾನೆ. ಮ್ಯಾಡ್ರಿಡ್ ಹಸ್ತಪ್ರತಿಯೆಂಬ ಮಾಯಾ ಗ್ರಂಥದಲ್ಲಿ ದೇವತೆಗಳು ತಮ್ಮ ಕಿವಿಗಳನ್ನೇ ಚುಚ್ಚಿಕೊಂಡು ಕಕಾವೊ ಕಾಯಿಗಳ ಮೇಲೆ ನೆತ್ತರು ಸುರಿಸುವ ಚಿತ್ರವಿದೆ. ಮೆಕ್ಸಿಕೊದ ಅಜ್ಟೆಕರಲ್ಲಿ ಅದು ಅರಸರ, ಶ್ರೀಮಂತರ, ಯೋಧರ ಪಾನೀಯವಾಗಿತ್ತು, ಬೀಜವು ನಾಣ್ಯವಾಗಿತ್ತು, ಸಾಮಂತ ಊರುಗಳು ಸಲ್ಲಿಸುವ ಕಪ್ಪವಾಗಿತ್ತು. ಇದೆಲ್ಲವೂ ಬೆಳೆ, ಮಳೆ, ಅಧಿಕಾರ, ಸಾವು ಇವುಗಳ ಸುತ್ತಲಿನ ವಿಧಿ. ಒಬ್ಬೊಬ್ಬರೂ ತಮ್ಮ ಎದೆಯ ಗಾಯವನ್ನು ಮಾಗಿಸಿಕೊಳ್ಳಲು ಕುಳಿತ ಚಿತ್ರ ನಾನು ಓದಿದ ಯಾವ ಆಕರದಲ್ಲೂ ಕಂಡಿಲ್ಲ.

ತಾವು ಕಂಡ ರೂಪ ಬೆಳೆದದ್ದು ಹೆಚ್ಚಾಗಿ ಈ ಶತಮಾನದಲ್ಲಿ, ಗ್ವಾಟೆಮಾಲಾದ ಅಟಿಟ್ಲಾನ್ ಸರೋವರದ ದಡದ ಸಾನ್ ಮಾರ್ಕೊಸ್ ಲಾ ಲಗುನಾ ಎಂಬ ಹಳ್ಳಿಯಿಂದ. ಅಲ್ಲಿ ನೆಲೆಸಿದ್ದ ಕೀತ್ ವಿಲ್ಸನ್ ಎಂಬ ಅಮೆರಿಕನ್ನರ ಮನೆಯ ಜಗಲಿಗೆ ಪ್ರವಾಸಿಗರು ಬಂದು ಕುಡಿದು, ಕಲಿತು, ತಮ್ಮ ತಮ್ಮ ದೇಶಗಳಿಗೆ ಅದನ್ನು ಕೊಂಡೊಯ್ದರು. ಹಾಗೆಂದು ಮೂಲನಿವಾಸಿಗಳ ಆಚರಣೆ ಸತ್ತುಹೋಗಿದೆಯೆಂದು ತಿಳಿಯಬಾರದು: ಗ್ವಾಟೆಮಾಲಾದ ಮಾಯಾ ಪುರೋಹಿತರು ಅಗ್ನಿವಿಧಿಯಲ್ಲಿ ಕಕಾವೊ ಬೀಜಗಳನ್ನು ಇಂದಿಗೂ ಅರ್ಪಿಸುತ್ತಾರೆ. ಅವರದು ಅವರದೇ ದಾರಿ. ಈ ಹೊಸ ಕೂಟ ಅದರ ಹೆಸರನ್ನು ಎರವಲು ಪಡೆದಿದೆ. ಹೊಸದಾಗಿರುವುದು ತಪ್ಪಲ್ಲ, ಹೊಸದನ್ನು ಹಳೆಯದೆಂದು ಹೇಳಿ ಶುಲ್ಕ ಪಡೆಯುವುದು ನನಗೆ ಹಿಡಿಸುವುದಿಲ್ಲ.

ತಕ್ಕಡಿ ಉತ್ತರಿಸಿದ್ದಾರೆ:

ಔಷಧಶಾಸ್ತ್ರ ಓದಿದವನಾದ್ದರಿಂದ ತಂಗಿಯವರ ವಿಷಯವನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ‘ಖಿನ್ನತೆಯ ಮಾತ್ರೆ’ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಔಷಧಗಳಿವೆ. ಫಿನೆಲ್ಜಿನ್, ಟ್ರಾನಿಲ್‌ಸಿಪ್ರೊಮಿನ್‌ನಂತಹ, ಮೊನೊಅಮೈನ್ ಆಕ್ಸಿಡೇಸ್ ಕಿಣ್ವವನ್ನು ತಡೆಯುವ ಹಳೆಯ ವರ್ಗದ ಮಾತ್ರೆಗಳನ್ನು ತೆಗೆದುಕೊಳ್ಳುವವರು ಈ ಬಟ್ಟಲನ್ನು ಮುಟ್ಟಬಾರದು. ಕಕಾವೊದಲ್ಲಿರುವ ಟೈರಮಿನ್ ಮುಂತಾದ ಅಮೈನುಗಳನ್ನು ಒಡೆಯಬೇಕಾದ ಕಿಣ್ವವೇ ಕೆಲಸ ನಿಲ್ಲಿಸಿರುವುದರಿಂದ ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಏರಬಹುದು. ಕೆಲವು ಕೂಟಗಳಲ್ಲಿ ಕಕಾವೊದ ಜೊತೆಗೆ ಆಯಾವಾಸ್ಕಾ ಎಂಬ ಭ್ರಮೆ ಹುಟ್ಟಿಸುವ ಸಸ್ಯಪಾನೀಯ ಕೊಡುವುದುಂಟು. ಅದರಲ್ಲಿಯೂ ಇದೇ ಕಿಣ್ವವನ್ನು ತಡೆಯುವ ಅಂಶವಿರುವುದರಿಂದ ಖಿನ್ನತೆಯ ಯಾವ ಮಾತ್ರೆ ತೆಗೆದುಕೊಳ್ಳುವವರೂ ಅದನ್ನು ಮುಟ್ಟಬಾರದು. ಇಂದು ಹೆಚ್ಚು ಬಳಕೆಯಲ್ಲಿರುವ, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ ಮಾತ್ರೆಗಳ ಜೊತೆ ಬರಿಯ ಕಕಾವೊದಿಂದ ಅಷ್ಟು ನೇರವಾದ ಅಪಾಯವಿಲ್ಲದಿದ್ದರೂ, ಅದೇ ಗುಂಪಿನ ಫ್ಲುವೊಕ್ಸಮಿನ್ ಕೆಫೀನ್ ದೇಹದಿಂದ ಹೊರಹೋಗುವುದನ್ನು ಬಹಳ ನಿಧಾನಗೊಳಿಸುತ್ತದೆ. ಆದ್ದರಿಂದ ಮಾತ್ರೆಯ ಹೆಸರನ್ನು ವೈದ್ಯರ ಮುಂದಿಟ್ಟು ಕೇಳುವವರೆಗೆ ಅವರು ಕುಡಿಯದಿರಲಿ. ಕೂಟಕ್ಕಾಗಿ ಮಾತ್ರೆ ಬಿಡುವ ಯೋಚನೆಯಂತೂ ಬೇಡವೇ ಬೇಡ.

ಇನ್ನು ತಮ್ಮ ಎದೆಬಡಿತ. ಇಂಥ ಕೂಟಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 40 ಗ್ರಾಂ ಆಸುಪಾಸಿನಷ್ಟು ಶುದ್ಧ ಕಕಾವೊ ಮುದ್ದೆಯನ್ನು ಬಳಸುತ್ತಾರೆ. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಗ್ರಾಂ ಥಿಯೋಬ್ರೊಮಿನ್ ಇರುತ್ತದೆ. ತಳಿಗೆ ತಕ್ಕಂತೆ ಒಂದಿಷ್ಟು ಕೆಫೀನ್ ಕೂಡ ಇರುತ್ತದೆ. ಥಿಯೋಬ್ರೊಮಿನ್ ರಕ್ತನಾಳಗಳನ್ನು ಸಡಿಲಿಸುತ್ತದೆ, ಹೃದಯದ ಬಡಿತವನ್ನು ಸ್ವಲ್ಪ ಹೆಚ್ಚಿಸುತ್ತದೆ, ಮತ್ತು ಅದರ ಅರ್ಧ ಭಾಗ ದೇಹದಿಂದ ಹೊರಹೋಗಲು 7ರಿಂದ 10 ಗಂಟೆ ಹಿಡಿಯುತ್ತದೆ. ಸಂಜೆ ಕುಡಿದ ತಮಗೆ ರಾತ್ರಿ ಎರಡರವರೆಗೆ ನಿದ್ದೆ ಬಾರದಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಆದರೆ ಬಾಯಿ ಬಿಟ್ಟು ಮಾತಾಡಿಸಿದ್ದು ಥಿಯೋಬ್ರೊಮಿನ್ ಎಂದು ನಾನು ಒಪ್ಪಲಾರೆ. 250, 500 ಮತ್ತು 1000 ಮಿಲಿಗ್ರಾಂ ಥಿಯೋಬ್ರೊಮಿನ್ನನ್ನು ಆರೋಗ್ಯವಂತರಿಗೆ ಕೊಟ್ಟು, ಯಾರು ಏನು ನುಂಗಿದ್ದಾರೆಂದು ಯಾರಿಗೂ ತಿಳಿಸದೆ ನಡೆಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಪ್ರಮಾಣ ಏರಿದಂತೆ ಎದೆಬಡಿತ ಏರಿತು. ಮನಸ್ಸಿನ ಮೇಲಿನ ಪರಿಣಾಮವಾದರೋ ಕಡಿಮೆ ಪ್ರಮಾಣದಲ್ಲಿ ಅಲ್ಪವಾಗಿದ್ದು, ಹೆಚ್ಚಿನ ಪ್ರಮಾಣಗಳಲ್ಲಿ ಅಹಿತಕರವಾಗಿತ್ತು. ಕಕಾವೊದಲ್ಲಿರುವ, ‘ಪ್ರೇಮದ ರಸಾಯನ’ವೆಂದು ಹೊಗಳಲಾಗುವ ಫಿನೈಲ್‌ಈಥೈಲಮಿನ್ ಮಿದುಳನ್ನು ತಲುಪುವ ಮೊದಲೇ ಬಹುಪಾಲು ಒಡೆದುಹೋಗುತ್ತದೆ. ಆನಂದದ ಹೆಸರನ್ನೇ ಹೊತ್ತ ಆನಂದಮೈಡ್ ಇದೆಯಾದರೂ ಅದು ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಆರನೆಯ ಬಟ್ಟಲು ಉತ್ತರಿಸಿದ್ದಾರೆ:

ನಾನು ಆರು ವರ್ಷಗಳಿಂದ ಇಂಥ ಕೂಟಗಳನ್ನು ನಡೆಸುತ್ತಿರುವವಳು. ‘ಹಳೆಯ ಹೊತ್ತಗೆ’ಯವರ ಮಾತು ಚುಚ್ಚಿತು, ಆದರೆ ಸುಳ್ಳೆನ್ನಲಾರೆ, ‘ಪ್ರಾಚೀನ ಮಾಯಾ ವಿಧಿ’ ಎಂದು ಮೊದಲೆರಡು ವರ್ಷ ನಾನೂ ಹೇಳಿದವಳೇ. ಈಗ ಹೇಳುವುದಿಲ್ಲ.

‘ತಕ್ಕಡಿ’ಯವರೊಡನೆ ಒಂದು ಭಿನ್ನಾಭಿಪ್ರಾಯವಿದೆ. ರಸಾಯನ ಮಾತಾಡಿಸುವುದಿಲ್ಲವೆನ್ನುವುದು ಸರಿ, ಆದರೆ ಪಾನೀಯಕ್ಕೆ ಪಾತ್ರವೇ ಇಲ್ಲವೆಂಬ ತೀರ್ಮಾನ ಅದರಿಂದ ಹೊರಡುವುದಿಲ್ಲ. ಮುದ್ದೆಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಕೊಬ್ಬು. ಬಿಸಿನೀರಿನಲ್ಲಿ ಕದಡಿ ನೊರೆ ಬರಿಸಿದಾಗ ಅದು ಗಂಟಲಿಗಿಳಿಯುವುದೇ ನಿಧಾನ, ಕಹಿಯಿಂದಾಗಿ ಗಟಗಟನೆ ಕುಡಿಯುವುದೂ ಅಸಾಧ್ಯ. ಒಂದು ಬಟ್ಟಲಿಗೆ ಇಪ್ಪತ್ತು ನಿಮಿಷ ಬೇಕಾಗುತ್ತದೆ. ಹನ್ನೆರಡು ಮಂದಿ ಇಪ್ಪತ್ತು ನಿಮಿಷ ಫೋನಿಲ್ಲದೆ, ಮಾತಿಲ್ಲದೆ, ಒಂದೇ ಕೆಲಸ ಮಾಡುತ್ತಾ ಒಟ್ಟಿಗೆ ಕೂರುವಂತೆ ಮಾಡುವ ಬೇರೆ ಪಾನೀಯ ನನಗಂತೂ ಸಿಕ್ಕಿಲ್ಲ. ಒಮ್ಮೆ ಮುದ್ದೆ ತೀರಿಹೋಗಿ ಬರಿಯ ಬಿಸಿನೀರು ಕೊಟ್ಟು ನೋಡಿದೆ: ಐದೇ ನಿಮಿಷದಲ್ಲಿ ಬಟ್ಟಲುಗಳು ಬರಿದಾಗಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ನನ್ನ ತಪ್ಪೊಂದನ್ನೂ ಹೇಳಿಬಿಡುತ್ತೇನೆ. ಆರಂಭದಲ್ಲಿ ಎಲ್ಲರಿಗೂ ಒಂದೇ ಅಳತೆ ಕೊಡುತ್ತಿದ್ದೆ. ಸಣ್ಣ ಮೈಕಟ್ಟಿನ ಒಬ್ಬರು ಬೆವತು, ವಾಂತಿ ಮಾಡಿಕೊಂಡಾಗ ನಾನು ಅದನ್ನು ‘ಒಳಗಿನದು ಹೊರಬರುತ್ತಿದೆ’ ಎಂದು ವ್ಯಾಖ್ಯಾನಿಸಿದೆ. ನಿಜದಲ್ಲಿ ಅವರು ಬೆಳಗಿನಿಂದ ಮೂರು ಬಾರಿ ಕಾಫಿ ಕುಡಿದು ಬಂದಿದ್ದರು. ಈಗ ಹೊಸಬರಿಗೆ 20 ಗ್ರಾಂ ಮಾತ್ರ, ಅದೂ ಬೆಳಗಿನ ಹೊತ್ತು. ಹೃದ್ರೋಗ, ರಕ್ತದೊತ್ತಡ, ಗರ್ಭ, ಮಾತ್ರೆಗಳು ಇವುಗಳ ಬಗ್ಗೆ ಮೊದಲೇ ಬರೆಸಿಕೊಳ್ಳುತ್ತೇನೆ. ತಾವು ಹೋದ ಕೂಟದಲ್ಲಿ ಇದನ್ನೆಲ್ಲ ಕೇಳಿರದಿದ್ದರೆ ಮತ್ತೆ ಹೋಗುವ ಮುನ್ನ ಯೋಚಿಸಿ. ಪೊಟ್ಟಣದ ಮೇಲಿನ ‘ವಿಧಿಯೋಗ್ಯ ದರ್ಜೆ’ ಎಂಬ ಮಾತಿಗೂ ಮರುಳಾಗಬೇಡಿ. ಅಂಥ ದರ್ಜೆಯನ್ನು ನಿಗದಿಪಡಿಸಿದ ಕಾನೂನು ಎಲ್ಲಿಯೂ ಇಲ್ಲ, ಮಾರುವವರು ಬರೆದುಕೊಂಡದ್ದೇ ದರ್ಜೆ.

ತಕ್ಕಡಿ ಉತ್ತರಿಸಿದ್ದಾರೆ:

ಬಿಸಿನೀರಿನ ಪ್ರಯೋಗವನ್ನು ಒಪ್ಪಿಕೊಂಡೆ. ಒಂದು ಸೇರ್ಪಡೆ: ಲ್ಯಾಟಿನ್ ಅಮೆರಿಕದ ಕೆಲವು ಮಣ್ಣುಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಹೆಚ್ಚಿದ್ದು, ಅದು ಬೀಜಕ್ಕೂ ಬರುತ್ತದೆ. ಐರೋಪ್ಯ ಒಕ್ಕೂಟವು 2019ರಿಂದ, ಶೇ. 50ಕ್ಕಿಂತ ಕಡಿಮೆಯಿಲ್ಲದಷ್ಟು ಕಕಾವೊ ಇರುವ ಚಾಕೊಲೇಟಿಗೆ ಕಿಲೋಗೆ 0.80 ಮಿಲಿಗ್ರಾಂ ಮಿತಿಯನ್ನು ಜಾರಿಗೆ ತಂದಿದೆ. ತಿಂಗಳಿಗೊಮ್ಮೆ ಕುಡಿಯುವವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿನವೂ 40 ಗ್ರಾಂ ಕುಡಿಯುವ ವ್ರತ ಹಿಡಿದವರು ಮಾರುವವರಿಂದ ಪರೀಕ್ಷೆಯ ವರದಿ ಕೇಳುವುದು ಒಳ್ಳೆಯದು.

ಬೆಳಗಿನ ನಡಿಗೆ ಉತ್ತರಿಸಿದ್ದಾರೆ:

ಮೂವರಿಗೂ ಕೃತಜ್ಞತೆಗಳು. ತಂಗಿ ವೈದ್ಯರಿಗೆ ಫೋನ್ ಮಾಡಿದಳು. ಮಾತ್ರೆ ಶುರುವಾಗಿ ಎರಡೇ ತಿಂಗಳಾಗಿರುವುದರಿಂದ ಸದ್ಯಕ್ಕೆ ಬೇಡವೆಂದರು. ಕೂಟ ನಡೆಸುವವರಿಗೆ ಅದನ್ನು ತಿಳಿಸಿ, ಅವಳು ಕುಡಿಯದೆ ಬರಿದೇ ಕುಳಿತಿರಬಹುದೇ ಎಂದು ಕೇಳಿದೆ. ಬಟ್ಟಲಿಲ್ಲದೆ ವೃತ್ತದಲ್ಲಿ ಕೂರುವಂತಿಲ್ಲ, ಸಸ್ಯದೇವತೆಯ ಮೇಲೆ ನಂಬಿಕೆಯಿಟ್ಟು ಅರ್ಧ ಬಟ್ಟಲಾದರೂ ಕುಡಿಯಲಿ ಎಂಬ ಉತ್ತರ ಬಂತು. ಇಬ್ಬರ ಹೆಸರನ್ನೂ ಹಿಂತೆಗೆದುಕೊಂಡಿದ್ದೇನೆ. ಅಂದು ಅಪರಿಚಿತರಿಗೆ ಹೇಳಿದ ಮಾತನ್ನು ನಿನ್ನೆ ಸಂಜೆ ತಂಗಿಗೂ ಹೇಳಿದೆ, ಏನನ್ನೂ ಕುಡಿಯದೆ.