ಕಿಡ್ನಿ ವ್ಯಾಸ್ಕುಲೈಟಿಸ್‌ಗೆ ಎಂಡೋಕ್ಸಾನೋ, ರಿಟುಕ್ಸಿಮ್ಯಾಬೋ? ಅನುಭವ ಇದ್ದವರು ಹೇಳಿ

ಕೇಳಿದ್ದು, ದಾವಣಗೆರೆ: ನಮ್ಮಕ್ಕನಿಗೆ 31, ಇನ್ನೂ ಮಕ್ಕಳಾಗಿಲ್ಲ. ಮೂತ್ರ ಕೆಂಪಗೆ ಹೋಗ್ತಿತ್ತು, ಕಿಡ್ನಿ ಎಷ್ಟು ಕೆಟ್ಟಿದೆ ಅಂತ ತೋರಿಸೋ ರಕ್ತ ಪರೀಕ್ಷೆ ಕ್ರಿಯಾಟಿನಿನ್ 3.2. ಬಯಾಪ್ಸಿ ನೋಡಿ ಆಂಕಾ ವ್ಯಾಸ್ಕುಲೈಟಿಸ್ ಅಂದ್ರು, ಅಂದ್ರೆ ದೇಹದ ರಕ್ಷಣಾ ಶಕ್ತಿಯೇ ಸಣ್ಣ ರಕ್ತನಾಳಗಳ ಮೇಲೆ ಎರಗೋ ರೋಗ. ಸ್ಟೀರಾಯ್ಡ್ ಡ್ರಿಪ್ ಶುರುವಾಗಿದೆ. ಜೊತೆಗೆ ಆ ರಕ್ಷಣಾ ಶಕ್ತಿ ತಗ್ಗಿಸೋ ಔಷಧಿ ಎಂಡೋಕ್ಸಾನ್ ಅಥವಾ ರಿಟುಕ್ಸಿಮ್ಯಾಬ್, ಮನೆಯವರು ಮಾತಾಡ್ಕೊಂಡು ಹೇಳಿ ಅಂದಿದ್ದಾರೆ. ನಮಗೆ ಕೈಕಾಲೇ ಆಡ್ತಿಲ್ಲ.

ಚಿತ್ರದುರ್ಗದಿಂದ: ನಮ್ಮ ಅಪ್ಪಾಜಿಗೆ ಎಂಡೋಕ್ಸಾನ್ ಡ್ರಿಪ್ ಕೊಟ್ರು, ಅಂದ್ರೆ ಸೈಕ್ಲೋಫಾಸ್ಫಮೈಡ್. ಮೊದಲು ಎರಡು ವಾರಕ್ಕೊಮ್ಮೆ, ಆಮೇಲೆ ಮೂರು ವಾರಕ್ಕೊಮ್ಮೆ. ಪ್ರತಿ ಸಲ ಬಿಳಿ ರಕ್ತಕಣ ಎಣಿಸಿಯೇ ಸೂಜಿ. ಕಮ್ಮಿ ಇದ್ರೆ ಮುಂದಕ್ಕೆ ಹಾಕೋರು. ಇದೇ ಔಷಧಿ ದಿನಾ ನುಂಗೋ ಮಾತ್ರೆಯಾಗಿಯೂ ಇದೆ. 2009ರ ಸೈಕ್ಲಾಪ್ಸ್ ಅಧ್ಯಯನದಲ್ಲಿ ಎರಡರಲ್ಲೂ ರೋಗ ಹತೋಟಿಗೆ ಬಂದಿದ್ದು ಒಂದೇ ತರ; ಡ್ರಿಪ್‌ನಲ್ಲಿ ಒಟ್ಟು ಔಷಧಿ ಕಮ್ಮಿ ಹೋಗುತ್ತೆ, ಬಿಳಿ ಕಣ ಕುಸಿಯೋದೂ ಕಮ್ಮಿ. ಆದರೆ ವರ್ಷಗಳ ಮೇಲೆ ನೋಡಿದ್ರೆ ಡ್ರಿಪ್‌ನೋರಿಗೆ ಮರುಕಳಿಸಿದ್ದು ಜಾಸ್ತಿ. ಅಪ್ಪಾಜಿಗೆ ಎಪ್ಪತ್ತರ ಹತ್ತಿರ, ನಿಮ್ಮಕ್ಕನ ಲೆಕ್ಕವೇ ಬೇರೆ.

ದಾವಣಗೆರೆ, ನಾನೇ ಪೇಷೆಂಟ್: ತಂಗಿ, ಯಾವುದು ಸ್ಟ್ರಾಂಗ್ ಅಂತ ಕೇಳಬೇಡಿ. 2010ರ ರೇವ್ ಅಧ್ಯಯನದಲ್ಲಿ 197 ಜನ ಇದ್ರು. ಆರು ತಿಂಗಳಿಗೆ ಸ್ಟೀರಾಯ್ಡ್ ಬಿಟ್ಟೂ ರೋಗ ಅಡಗಿದ್ದು ರಿಟುಕ್ಸಿಮ್ಯಾಬ್‌ನಲ್ಲಿ 64%, ಸೈಕ್ಲೋಫಾಸ್ಫಮೈಡ್‌ನಲ್ಲಿ 53%. ಹೊಸದಾಗಿ ಬಂದವರಿಗೆ ಎರಡೂ ಸರಿಸಮ ಅನ್ನಬಹುದು. ರೋಗ ಮರುಕಳಿಸಿದವರಲ್ಲಿ ಮಾತ್ರ ರಿಟುಕ್ಸಿಮ್ಯಾಬ್ ಎದ್ದು ಕಾಣ್ತು, 67%ಕ್ಕೆ 42%. ನನಗೆ ಮರುಕಳಿಸಿದಾಗ ಡಾಕ್ಟರ್ ಅದನ್ನೇ ಆರಿಸಿದ್ದು ಈ ಕಾರಣಕ್ಕೆ. ಕ್ರಿಯಾಟಿನಿನ್ 4 ದಾಟಿದವರನ್ನ ಆ ಅಧ್ಯಯನಕ್ಕೆ ಸೇರಿಸಿರಲಿಲ್ಲ, ಹಾಗಾಗಿ ಕಿಡ್ನಿ ತೀರಾ ಕೆಟ್ಟಿದ್ರೆ ಕೆಲವರು ಎರಡನ್ನೂ ಸೇರಿಸಿ ಕೊಡ್ತಾರೆ. ಅಕ್ಕನ 3.2 ಏರ್ತಾ ಇದೆಯೋ ನಿಂತಿದೆಯೋ, ಅದನ್ನ ಮೊದಲು ಕೇಳಿ.

ನಿಮ್ಮ ಮನೆಯಲ್ಲಿ ನಿಜವಾಗಿ ಚರ್ಚೆಯಾಗಬೇಕಾದ್ದು ಮಕ್ಕಳ ವಿಷಯ. ಎಂಡೋಕ್ಸಾನ್ ಅಂಡಾಶಯಕ್ಕೆ ಪೆಟ್ಟು ಕೊಡುತ್ತೆ. ಒಟ್ಟು ಡೋಸ್ ಏರಿದಷ್ಟೂ, ವಯಸ್ಸು ಏರಿದಷ್ಟೂ ಜಾಸ್ತಿ. ಅತ್ತೆಮನೆಯವರ ಮುಂದೆ ಮಾತಾಡೋಕೆ ಅಕ್ಕನಿಗೆ ಸಂಕೋಚ ಇದ್ರೆ ನೀವೊಬ್ಬರೇ ಜೊತೆ ಹೋಗಿ ಡಾಕ್ಟರ ಹತ್ರ ಬಿಡಿಸಿ ಹೇಳಿ. ನನಗೆ ಇದನ್ನ ಯಾರೂ ಕೇಳಲೇ ಇಲ್ಲ, ಆ ಸಿಟ್ಟು ಇನ್ನೂ ಇದೆ.

ರಿಟುಕ್ಸಿಮ್ಯಾಬ್ ಅಂದ್ರೆ ನಿಶ್ಚಿಂತೆ ಅಂತಲೂ ಅಲ್ಲ. ಮುಂಚೆ ಹೆಪಟೈಟಿಸ್ ಬಿ ಟೆಸ್ಟ್ ಆಗಲೇಬೇಕು, ಒಳಗೆ ಅಡಗಿದ್ರೆ ಎಬ್ಬಿಸುತ್ತೆ. ಮೊದಲ ಡ್ರಿಪ್‌ನಲ್ಲಿ ನನಗೆ ಚಳಿ ನಡುಕ ಬಂದು ನರ್ಸ್ ಓಡಿ ಬಂದು ಡ್ರಿಪ್ ನಿಧಾನ ಮಾಡಿದ್ರು. ದುಡ್ಡಿನ ಚಿಂತೆ ಇದ್ರೆ ನಮ್ಮ ದೇಶದಲ್ಲೇ ತಯಾರಾಗೋ ರಿಟುಕ್ಸಿಮ್ಯಾಬ್ ಕೇಳಿ, 2007ರಿಂದ ಸಿಗ್ತಿದೆ.

ಚಳ್ಳಕೆರೆಯಿಂದ: ಪ್ಲಾಸ್ಮಾ, ಅಂದ್ರೆ ರಕ್ತದ ನೀರಿನಂಥ ಭಾಗ, ಬದಲಾಯಿಸೋದಕ್ಕೂ ಹೇಳಬಹುದು. 704 ಜನರ ಪೆಕ್ಸಿವಾಸ್ ಅಧ್ಯಯನ 2020ರಲ್ಲಿ ಬಂತು. ಸಾವು, ಶಾಶ್ವತ ಡಯಾಲಿಸಿಸ್ ಎರಡನ್ನೂ ಸೇರಿಸಿ ನೋಡಿದಾಗ ಅದರಿಂದ ಸ್ಪಷ್ಟ ಲಾಭ ಕಾಣಲಿಲ್ಲ. ಅದರಲ್ಲೇ ಸ್ಟೀರಾಯ್ಡ್ ಬೇಗ ಇಳಿಸಿದವರಿಗೆ ರೋಗದ ಹತೋಟಿ ತಪ್ಪಲಿಲ್ಲ, ಗಂಭೀರ ಸೋಂಕೂ ಕಮ್ಮಿ. ಇಳಿಸೋ ಪಟ್ಟಿ ಬರೆಸ್ಕೊಳ್ಳಿ, ನೀವಾಗಿ ನಿಲ್ಲಿಸಬೇಡಿ. ಶ್ವಾಸಕೋಶದ ಸೋಂಕು ತಡೆಯೋ ಸೆಪ್ಟ್ರಾನ್ ಬೇಕಾ ಅಂತಲೂ ಕೇಳಿ. ಜ್ವರ ಬಂದ್ರೆ ಮೆಡಿಕಲ್ ಶಾಪ್ ಮಾತ್ರೆ ನುಂಗಿಸಿ ಕೂರಬೇಡಿ, ರಾತ್ರಿಯಾದ್ರೂ ಆಸ್ಪತ್ರೆಗೆ ಹೊರಡಿ. ಬೀದಿಬದಿ ಮಂಡಕ್ಕಿ ಮಿರ್ಚಿ ಸದ್ಯಕ್ಕೆ ಬೇಡ. ಎಂಡೋಕ್ಸಾನ್, ರಿಟುಕ್ಸಿಮ್ಯಾಬ್ ಎರಡರಲ್ಲಿ ಒಂದು ಈ ವಾರವೇ ಶುರುವಾಗ್ಲಿ, ಕಿಡ್ನಿ ಕಾಯಲ್ಲ.